ಗುಚ್ಛದ ವಯಸ್ಸು, ಲೋಹದ ತಕರಾರು

ನಮ್ಮ ಆಕಾಶಗಂಗೆಯ ಗೋಳಾಕಾರದ ನಕ್ಷತ್ರಗುಚ್ಛಗಳ ವಯಸ್ಸು ಅಳೆಯುವುದಕ್ಕೆ ಒಂದು ನೇರ ದಾರಿ ಇದೆ. ಅವುಗಳ ನಕ್ಷತ್ರಗಳನ್ನು ಒಂದೊಂದಾಗಿ ನೋಡಬಹುದು. ತೂಕದ ನಕ್ಷತ್ರಗಳು ಇಂಧನ ಬೇಗ ಮುಗಿಸಿ ಕೆಂಪು ದೈತ್ಯಗಳಾಗುತ್ತವೆ. ಈಗ ಹಾಗೆ ಬದಲಾಗುತ್ತಿರುವವು ಎಷ್ಟು ತೂಕದವು ಎಂದು ತಿಳಿದರೆ ಗುಚ್ಛದ ವಯಸ್ಸೂ ತಿಳಿಯಿತು.

ಕನ್ಯಾ ರಾಶಿಯ ದಿಕ್ಕಿನಲ್ಲಿರುವ ಅಂಡಾಕಾರದ ಗೆಲಾಕ್ಸಿಗಳಲ್ಲಿ ಈ ಆಟ ನಡೆಯುವುದಿಲ್ಲ. ಅಲ್ಲಿನ ಎಂ87 ಸುಮಾರು 5.4 ಕೋಟಿ ಜ್ಯೋತಿರ್ವರ್ಷ ದೂರ. ಅದರ ಸುತ್ತ ಸಾವಿರಾರು ಗುಚ್ಛಗಳಿದ್ದರೂ ಒಂದೊಂದೂ ನಮಗೆ ಬರಿಯ ಚುಕ್ಕೆ. ಲಕ್ಷಾಂತರ ನಕ್ಷತ್ರಗಳ ಬೆಳಕು ಒಂದರಲ್ಲೇ ಕಲೆತುಹೋಗಿರುತ್ತದೆ.

ಸರಿ, ಬಣ್ಣ ನೋಡೋಣ ಎನ್ನುತ್ತೀರಿ. ವಯಸ್ಸಾದಂತೆ ಗುಚ್ಛ ಕೆಂಪಾಗುತ್ತದೆ, ನಿಜ. ಆದರೆ ಕಬ್ಬಿಣ, ಮೆಗ್ನೀಸಿಯಂಗಳಂಥ ಲೋಹಾಂಶ ಹೆಚ್ಚಿದರೂ ಕೆಂಪಾಗುತ್ತದೆ. ವಯಸ್ಸು ಮೂರು ಪಟ್ಟಾದರೂ ಲೋಹಾಂಶ ಎರಡು ಪಟ್ಟಾದರೂ ಬಣ್ಣದಲ್ಲಿ ಆಗುವ ಬದಲಾವಣೆ ಹೆಚ್ಚುಕಡಿಮೆ ಒಂದೇ ಎಂದು 1994ರಲ್ಲಿ ಖಗೋಳವಿಜ್ಞಾನಿ ಗೈ ವರ್ದಿ ತೋರಿಸಿದರು. ಹಾಗಾಗಿ ರೋಹಿತ, ಅಂದರೆ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿದ ಪಟ್ಟಿ, ಬೇಕು. ಅದರಲ್ಲಿ ಹೈಡ್ರೋಜನ್ನಿನ ಬಾಮರ್ ಗೆರೆಗಳು ಮುಖ್ಯವಾಗಿ ವಯಸ್ಸಿಗೆ ಸ್ಪಂದಿಸುತ್ತವೆ, ಕಬ್ಬಿಣ, ಮೆಗ್ನೀಸಿಯಂ ಗೆರೆಗಳು ಲೋಹಾಂಶಕ್ಕೆ. ಎರಡನ್ನೂ ಜೊತೆಗಿಟ್ಟರೆ ಗಂಟು ಸಡಿಲವಾಗುತ್ತದೆ.

ಸಡಿಲವಾಗುತ್ತದೆ ಅಷ್ಟೇ, ಪೂರ್ತಿ ಬಿಚ್ಚುವುದಿಲ್ಲ. ಎನ್‌ಜಿಸಿ 4365ರ ಕಥೆ ಕೇಳಿ. ಈ ಗೆಲಾಕ್ಸಿಯ ಸ್ವಂತ ನಕ್ಷತ್ರಗಳು ಬಹಳ ಹಳೆಯವು ಎಂದು 2001ರಲ್ಲೇ ಅಳೆದಿದ್ದರು. ಮರುವರ್ಷ ಅವಕೆಂಪು ಚಿತ್ರಗಳನ್ನು ಬಳಸಿದ ತಂಡವೊಂದು ಅದರ ಕೆಲವು ಗುಚ್ಛಗಳು ಮಧ್ಯವಯಸ್ಕವೆಂದಿತು. 2003ರಲ್ಲಿ ಹವಾಯಿಯ ಕೆಕ್ ದೂರದರ್ಶಕದ ರೋಹಿತಗಳೂ ಹೌದೆಂದವು: 200ರಿಂದ 500 ಕೋಟಿ ವರ್ಷ. ಮುದಿ ಗೆಲಾಕ್ಸಿಗೆ ಎಳೆಯ ಗುಚ್ಛಗಳು ಬಂದದ್ದೆಲ್ಲಿಂದ? ಅನಿಲ ತುಂಬಿದ ಇನ್ನೊಂದು ಗೆಲಾಕ್ಸಿ ಬಂದು ಸೇರಿದ್ದರೆ ಹೊಸ ಗುಚ್ಛಗಳು ಹುಟ್ಟುವುದು ಸಹಜವೇ. ಆದರೆ 2005ರಲ್ಲಿ ಜೀನ್ ಬ್ರೋಡಿ ಮತ್ತು ಸಂಗಡಿಗರು ಅದೇ ಕೆಕ್‌ನಲ್ಲಿ 22 ಗುಚ್ಛಗಳ ಹೆಚ್ಚು ಸ್ಪಷ್ಟವಾದ ರೋಹಿತ ಪಡೆದರು. ಎಲ್ಲವೂ ಸುಮಾರು 1,100 ಕೋಟಿ ವರ್ಷ ಹಳೆಯವು! ಎರಡು ಬೇರೆ ವಿಧಾನಗಳು ಒಂದೇ ಉತ್ತರ ಕೊಟ್ಟವೆಂದು ನೆಮ್ಮದಿಯಿಂದ ಕೂರುವಂತಿಲ್ಲ ಎನ್ನುವುದಕ್ಕೆ ನಾನು ಕೊಡುವ ಉದಾಹರಣೆ ಇದು.

ಮೋಸಕ್ಕೆ ಇನ್ನೊಂದು ದಾರಿಯೂ ಇದೆ. ಮುದಿ ಗುಚ್ಛದಲ್ಲೂ ಹೀಲಿಯಂ ಉರಿಸುವ ಬಿಸಿಯಾದ ನೀಲಿ ನಕ್ಷತ್ರಗಳು ಇರಬಹುದು. ಅವು ಬಾಮರ್ ಗೆರೆಗಳನ್ನು ಗಾಢವಾಗಿಸಿ ಗುಚ್ಛವನ್ನು ಎಳೆಯದೆಂದು ತೋರಿಸುತ್ತವೆ. ಆದ್ದರಿಂದ ದೂರದ ಗುಚ್ಛವೊಂದು 300 ಕೋಟಿ ವರ್ಷದ್ದೋ 1,100 ಕೋಟಿಯದೋ ಎಂದು ಕೇಳಿದರೆ ಒಳ್ಳೆಯ ರೋಹಿತವಿದ್ದಾಗ ಧೈರ್ಯವಾಗಿ ಹೇಳಬಹುದು. 1,100 ಕೋಟಿಯೋ 1,300 ಕೋಟಿಯೋ ಎಂದು ಕೇಳಿದರೆ, ಹಾಗೆ ಗಟ್ಟಿಯಾಗಿ ಹೇಳುವವರನ್ನು ನಾನು ನಂಬುವುದಿಲ್ಲ.