ದುಡಿದವರಿಗೆ ಕೊಟ್ಟ ಮಾತು: ಡೆಟ್ರಾಯ್ಟ್ ನಗರ ಕಲಿಸಿದ ಪಿಂಚಣಿ ಪಾಠ



ಈ ಸಂಜೆಯ ಮಾತಿಗೆ ನಾನು ಆರಿಸಿಕೊಂಡಿರುವುದು ಅಮೆರಿಕದ ಡೆಟ್ರಾಯ್ಟ್ ನಗರದ ಕಥೆ. 2013ರ ಜುಲೈ 18ರಂದು ಆ ನಗರ ದಿವಾಳಿ ಅರ್ಜಿ ಹಿಡಿದು ನ್ಯಾಯಾಲಯದ ಮೆಟ್ಟಿಲು ಹತ್ತಿತು. ತೀರಿಸಬೇಕಾದ ಒಟ್ಟು ಬಾಧ್ಯತೆ ಸುಮಾರು 1,800 ಕೋಟಿ ಡಾಲರ್ ಎಂದು ಲೆಕ್ಕ ಕೊಟ್ಟರು. ಅಲ್ಲಿಯವರೆಗೆ ಅಮೆರಿಕದ ಯಾವ ನಗರವೂ ಇಷ್ಟು ದೊಡ್ಡ ಮೊತ್ತಕ್ಕೆ ಕೈಯೆತ್ತಿರಲಿಲ್ಲ. ಹಣ ಬರಬೇಕಾದವರ ಪಟ್ಟಿಯಲ್ಲಿ ಬ್ಯಾಂಕುಗಳಿದ್ದವು, ವಿಮಾ ಕಂಪನಿಗಳಿದ್ದವು. ಅದೇ ಪಟ್ಟಿಯಲ್ಲಿ ಆ ಊರಿನ ಕಸ ಎತ್ತಿದವರು, ಬಸ್ಸು ಓಡಿಸಿದವರು, ನೀರಿನ ಕೊಳವೆ ದುರಸ್ತಿ ಮಾಡಿದವರು, ಬೆಂಕಿ ಆರಿಸಿದವರು ಕೂಡ ಇದ್ದರು. ಇವರು ನಗರಕ್ಕೆ ಕೊಟ್ಟ ಸಾಲ ತಮ್ಮ ದುಡಿಮೆ.

ಪಿಂಚಣಿ ಎಂದರೆ ದುಡಿದ ದಿನದ ಸಂಬಳದಲ್ಲೇ ಮುಂದಕ್ಕೆ ಹಾಕಿದ ಒಂದು ಪಾಲು. ಆ ಪಾಲನ್ನು ದುಡಿದ ವರ್ಷವೇ ತೆಗೆದಿಡದ ನಗರ ತನ್ನ ನೌಕರರಿಂದ ಅವರಿಗೆ ತಿಳಿಯದಂತೆ ಸಾಲ ಪಡೆಯುತ್ತಿರುತ್ತದೆ. ಕಷ್ಟ ಬಂದ ದಿನ ಆ ಸಾಲ ಮುಳುಗಿದರೆ ಮತ್ತೆ ದುಡಿದು ಗಳಿಸುವ ವಯಸ್ಸು ಅವರಿಗೆ ಇರುವುದಿಲ್ಲ. ಡೆಟ್ರಾಯ್ಟ್‌ನಲ್ಲಿ ನಡೆದದ್ದು ಇದೇ.

ಮೊದಲು ನಗರದ ಸ್ಥಿತಿ ನೋಡೋಣ. 1950ರಲ್ಲಿ ಡೆಟ್ರಾಯ್ಟ್‌ನ ಜನಸಂಖ್ಯೆ ಸುಮಾರು 18.5 ಲಕ್ಷ. 2010ರ ಜನಗಣತಿಯಲ್ಲಿ ಅದು 7.14 ಲಕ್ಷಕ್ಕೆ ಇಳಿದಿತ್ತು. ಕಾರು ಕಾರ್ಖಾನೆಗಳು ಬೇರೆ ಕಡೆ ಹೋದವು, ಉಳ್ಳವರು ಉಪನಗರಗಳಿಗೆ ಮನೆ ಬದಲಾಯಿಸಿದರು, ಅವರ ಹಿಂದೆಯೇ ತೆರಿಗೆಯೂ ಹೋಯಿತು. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತೇವೆ. ಅಲ್ಲಿ ಕಾಲು ಚಾಚಿ ಮಲಗಿದ ಮೇಲೆ ಹಾಸಿಗೆಯೇ ವರ್ಷ ವರ್ಷ ಕಿರಿದಾಗುತ್ತಾ ಬಂತು. ಹದಿನೆಂಟು ಲಕ್ಷ ಜನರ ಊರಿಗೆ ದುಡಿದ ನೌಕರರ ಪಿಂಚಣಿಯನ್ನು ಏಳು ಲಕ್ಷ ಜನ, ಅವರಲ್ಲಿ ಬಹಳಷ್ಟು ಮಂದಿ ಬಡವರು, ಹೊರಬೇಕಾಯಿತು. ದಿವಾಳಿಯ ಹೊತ್ತಿಗೆ ಕೆಲಸದಲ್ಲಿದ್ದ ಪ್ರತಿಯೊಬ್ಬ ನೌಕರನಿಗೆ ಹೆಚ್ಚುಕಡಿಮೆ ಇಬ್ಬರು ನಿವೃತ್ತರಿದ್ದರು.

ಆ ನಿವೃತ್ತರೇನೂ ಸಿರಿವಂತರಲ್ಲ. ಸಾಮಾನ್ಯ ನೌಕರರ ಪಿಂಚಣಿ ಸರಾಸರಿ ವರ್ಷಕ್ಕೆ ಸುಮಾರು 19,000 ಡಾಲರ್. ಪೊಲೀಸ್ ಮತ್ತು ಅಗ್ನಿಶಾಮಕ ಸಿಬ್ಬಂದಿಯದು ಸುಮಾರು 30,000. ಈ ಎರಡನೆಯ ಗುಂಪಿಗೆ ಕೇಂದ್ರ ಸರ್ಕಾರದ ಸೋಷಿಯಲ್ ಸೆಕ್ಯೂರಿಟಿಯ ಆಸರೆಯೂ ಇರಲಿಲ್ಲ. ಅಮೆರಿಕದಲ್ಲಿ ಖಾಸಗಿ ಕಂಪನಿಯ ಪಿಂಚಣಿ ನಿಧಿ ಮುಳುಗಿದರೆ ಒಂದು ಮಿತಿಯವರೆಗೆ ಕೈಹಿಡಿಯುವ ವಿಮಾ ವ್ಯವಸ್ಥೆ 1974ರ ಕಾನೂನಿನಿಂದ ಬಂದಿದೆ. ನಗರಸಭೆಯ ನೌಕರರಿಗೆ ಅದು ಅನ್ವಯಿಸುವುದಿಲ್ಲ. ಅವರಿಗಿದ್ದ ಭರವಸೆ ನಗರದ ಮಾತು ಒಂದೇ.

ಆ ಮಾತಿನ ಹಣ ಎಲ್ಲಿ ಹೋಯಿತು? ಈ ಪ್ರಶ್ನೆಯಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ, ಏಕೆಂದರೆ ಯಾವ ಊರಿನಲ್ಲಾದರೂ ಪಿಂಚಣಿ ಹಾಳಾಗುವ ದಾರಿಗಳು ಇವೇ.

ಮೊದಲನೆಯದು, ಹುಸಿ ಭರವಸೆಯ ಲೆಕ್ಕ. ಪಿಂಚಣಿ ನಿಧಿಯ ಹಣ ಹೂಡಿಕೆಯಲ್ಲಿ ಬೆಳೆಯುತ್ತದೆ ಎಂದು ಊಹಿಸಿ, ಇಂದು ಎಷ್ಟು ತೆಗೆದಿಡಬೇಕೆಂದು ನಿರ್ಧರಿಸುತ್ತಾರೆ. ಡೆಟ್ರಾಯ್ಟ್‌ನ ಸಾಮಾನ್ಯ ನೌಕರರ ನಿಧಿ ವರ್ಷಕ್ಕೆ ಶೇ 7.9ರ ಬೆಳವಣಿಗೆಯನ್ನು ನಂಬಿತ್ತು. ದಿವಾಳಿಯ ನಂತರ ಆ ದರವನ್ನು ಶೇ 6.75ಕ್ಕೆ ಇಳಿಸಿದರು. ಇದು ಸಣ್ಣ ವ್ಯತ್ಯಾಸವಲ್ಲ. ಇಪ್ಪತ್ತು ವರ್ಷದ ನಂತರ ನೂರು ಡಾಲರ್ ಕೊಡಬೇಕಾದರೆ ಮೊದಲ ಲೆಕ್ಕದಲ್ಲಿ ಇಂದು ಸುಮಾರು 22 ಡಾಲರ್ ಇಟ್ಟರೆ ಸಾಕು; ಎರಡನೆಯದರಲ್ಲಿ 27 ಬೇಕು. ಹೀಗಾಗಿ ನಗರದ ಪಿಂಚಣಿ ನಿಧಿಗಳ ಒಂದೇ ಕೊರತೆಯ ಬಗ್ಗೆ ಎರಡು ಲೆಕ್ಕ ಹುಟ್ಟಿದವು. ರಾಜ್ಯ ಸರ್ಕಾರ ನೇಮಿಸಿದ ತುರ್ತು ಆಡಳಿತಾಧಿಕಾರಿ ಕೆವಿನ್ ಆರ್ ಕೊರತೆ 350 ಕೋಟಿ ಡಾಲರ್ ಎಂದರು. ಪಿಂಚಣಿ ಮಂಡಳಿಗಳ ಲೆಕ್ಕದಲ್ಲಿ ಅದು ನೂರು ಕೋಟಿಯನ್ನೂ ಮುಟ್ಟುತ್ತಿರಲಿಲ್ಲ. ಆರ್ ಅವರು ಕೊರತೆಯನ್ನು ಹಿಗ್ಗಿಸಿ ತೋರಿಸಿದರೆಂದು ನಿವೃತ್ತರು ದೂರಿದರು. ಆದರೆ ಕೊರತೆ ಕಡಿಮೆ ಕಾಣುವ ಲೆಕ್ಕ ಆಡಳಿತಗಾರನಿಗೂ ಹಿತ, ಕಾರ್ಮಿಕ ಸಂಘಕ್ಕೂ ಹಿತ, ತೆರಿಗೆದಾರನಿಗೂ ಹಿತ. ಎಲ್ಲರಿಗೂ ಹಿತವಾದ ಲೆಕ್ಕವನ್ನು ಯಾರೂ ಪ್ರಶ್ನಿಸುವುದಿಲ್ಲ. ಅಪಾಯ ಇರುವುದು ಅಲ್ಲಿಯೇ.

ಎರಡನೆಯದು, ಒಳ್ಳೆಯ ವರ್ಷದ ಹಣವನ್ನು ಹಂಚಿಬಿಡುವುದು. ಹೂಡಿಕೆ ಚೆನ್ನಾಗಿ ಫಲ ಕೊಟ್ಟ ವರ್ಷಗಳಲ್ಲಿ ಹೆಚ್ಚುವರಿ ಲಾಭವನ್ನು ಹದಿಮೂರನೆಯ ತಿಂಗಳ ಪಿಂಚಣಿಯಾಗಿ ಕೊಡುವ ರೂಢಿ ಅಲ್ಲಿತ್ತು. ಪಡೆದವರ ತಪ್ಪೇನೂ ಇಲ್ಲ. ಆದರೆ ನಷ್ಟದ ವರ್ಷಕ್ಕೆ ಊರುಗೋಲಾಗಬೇಕಿದ್ದ ಹಣ ಲಾಭದ ವರ್ಷದಲ್ಲೇ ಖರ್ಚಾಯಿತು.

ಮೂರನೆಯದು, ಸಾಲ ತಂದು ಪಿಂಚಣಿ ನಿಧಿ ತುಂಬಿಸುವುದು. 2005ರಲ್ಲಿ, ಕ್ವಾಮೆ ಕಿಲ್‌ಪ್ಯಾಟ್ರಿಕ್ ಮೇಯರ್ ಆಗಿದ್ದಾಗ, ನಗರ ಸುಮಾರು 140 ಕೋಟಿ ಡಾಲರ್ ಸಾಲ ಎತ್ತಿ ನಿಧಿಗಳಿಗೆ ಹಾಕಿತು. ಆ ಸಾಲದ ಬಡ್ಡಿಯ ಏರಿಳಿತದ ಮೇಲೆ ಬ್ಯಾಂಕುಗಳೊಂದಿಗೆ ಒಪ್ಪಂದವನ್ನೂ ಮಾಡಿಕೊಂಡಿತು. ಬಡ್ಡಿ ದರ ಏರಿದರೆ ನಗರಕ್ಕೆ ಲಾಭ, ಇಳಿದರೆ ನಷ್ಟ. 2008ರ ಆರ್ಥಿಕ ಕುಸಿತದಲ್ಲಿ ದರ ಪಾತಾಳಕ್ಕಿಳಿಯಿತು. ಒಪ್ಪಂದ ಮುರಿಯದಂತೆ ಉಳಿಸಿಕೊಳ್ಳಲು ಜೂಜುಕೇಂದ್ರಗಳಿಂದ ಬರುತ್ತಿದ್ದ ತೆರಿಗೆಯನ್ನೇ ನಗರ ಅಡ ಇಟ್ಟಿತು. ಆ ತೆರಿಗೆ ನಗರದ ಅತ್ಯಂತ ನಂಬಿಕಸ್ತ ಆದಾಯವಾಗಿತ್ತು. ಈ ತೀರ್ಮಾನಗಳಲ್ಲಿ ಬಸ್ ಚಾಲಕನ ಕೈ ಎಲ್ಲೂ ಇರಲಿಲ್ಲ.

ಇನ್ನು ನ್ಯಾಯಾಲಯದ ವಿಚಾರ. ಮಿಷಿಗನ್ ರಾಜ್ಯದ 1963ರ ಸಂವಿಧಾನದಲ್ಲಿ, ಸರ್ಕಾರಿ ನೌಕರರು ಗಳಿಸಿದ ಪಿಂಚಣಿ ಕರಾರಿಗೆ ಸಮನಾದ ಹೊಣೆ, ಅದನ್ನು ತಗ್ಗಿಸುವಂತಿಲ್ಲ ಎಂಬ ವಿಧಿ ಇದೆ. ನಿವೃತ್ತರು ಅದನ್ನೇ ನಂಬಿದ್ದರು. 2013ರ ಡಿಸೆಂಬರ್ 3ರಂದು ದಿವಾಳಿ ನ್ಯಾಯಾಧೀಶ ಸ್ಟೀವನ್ ರೋಡ್ಸ್ ತೀರ್ಪು ಕೊಟ್ಟರು: ಪಿಂಚಣಿ ಕರಾರು ಎನ್ನುವುದಾದರೆ, ಕೇಂದ್ರದ ದಿವಾಳಿ ಕಾನೂನು ಇತರ ಕರಾರುಗಳನ್ನು ತಗ್ಗಿಸುವಂತೆ ಅದನ್ನೂ ತಗ್ಗಿಸಬಹುದು. ಸಂವಿಧಾನದಲ್ಲಿ ಬರೆದ ಮಾತಿಗೂ ಪೆಟ್ಟಿಗೆಯಲ್ಲಿ ಇಟ್ಟ ಹಣಕ್ಕೂ ಇರುವ ಅಂತರ ಆ ದಿನ ಎಲ್ಲರಿಗೂ ಕಂಡಿತು.

ಆಮೇಲೆ ನಡೆದದ್ದು ಅಪರೂಪದ ಘಟನೆ. ಡೆಟ್ರಾಯ್ಟ್ ಕಲಾ ಸಂಗ್ರಹಾಲಯದ ಚಿತ್ರಗಳು ನಗರದ ಸ್ವತ್ತಾಗಿದ್ದವು. ಬ್ರೂಗೆಲ್ ಚಿತ್ರಿಸಿದ ಮದುವೆಯ ನೃತ್ಯ, ವ್ಯಾನ್ ಗೋ ಅವರ ಸ್ವಂತ ಭಾವಚಿತ್ರ ಅಲ್ಲಿವೆ. ಕಾರು ಕಾರ್ಖಾನೆಯ ಕಾರ್ಮಿಕರನ್ನೇ ನಾಯಕರನ್ನಾಗಿಸಿ ಡಿಯಾಗೊ ರಿವೇರಾ 1932-33ರಲ್ಲಿ ಬರೆದ ಭಿತ್ತಿಚಿತ್ರಗಳೂ ಅಲ್ಲೇ ಇವೆ. ಸಾಲ ಕೊಟ್ಟವರು ಚಿತ್ರಗಳನ್ನು ಮಾರಿ ಎಂದರು. ನಗರ ಕೊಂಡಿದ್ದ ಕೃತಿಗಳಿಗೆ ಕ್ರಿಸ್ಟೀಸ್ ಹರಾಜು ಸಂಸ್ಥೆ 45.4ರಿಂದ 86.7 ಕೋಟಿ ಡಾಲರ್ ಬೆಲೆ ಕಟ್ಟಿತು. ಆಗ ಮಧ್ಯಸ್ಥರಾಗಿದ್ದ ನ್ಯಾಯಾಧೀಶ ಜೆರಾಲ್ಡ್ ರೋಸನ್ ಒಂದು ದಾರಿ ಹುಡುಕಿದರು. ಫೋರ್ಡ್, ಕ್ರೆಸ್ಗಿ, ನೈಟ್ ಮುಂತಾದ ದತ್ತಿ ಪ್ರತಿಷ್ಠಾನಗಳು 36.6 ಕೋಟಿ ಡಾಲರ್ ಕೊಡಲು ಒಪ್ಪಿದವು, ಸಂಗ್ರಹಾಲಯ 10 ಕೋಟಿ ಕೂಡಿಸುವೆನೆಂದಿತು, ರಾಜ್ಯ ಸರ್ಕಾರ 19.5 ಕೋಟಿ ಕೊಟ್ಟಿತು. ಆ ಹಣವೆಲ್ಲ ಪಿಂಚಣಿಗೆ, ಚಿತ್ರಗಳು ಸ್ವತಂತ್ರ ದತ್ತಿ ಸಂಸ್ಥೆಗೆ. ಜನ ಅದನ್ನು ಮಹಾ ಒಪ್ಪಂದ ಎಂದರು.

ಕಲೆಯೂ ಉಳಿಯಿತು, ಪಿಂಚಣಿಯ ದೊಡ್ಡ ಪಾಲೂ ಉಳಿಯಿತು. ಆದರೆ ಕೊಟ್ಟವರ ಕಥೆ ಹೇಳಿ ಕಳೆದುಕೊಂಡವರನ್ನು ಮರೆಯುವುದು ನ್ಯಾಯವಲ್ಲ. 2014ರ ಬೇಸಿಗೆಯಲ್ಲಿ ನಿವೃತ್ತರೇ ಮತ ಹಾಕಬೇಕಿತ್ತು. ಒಪ್ಪಿದರೆ ಸಾಮಾನ್ಯ ನೌಕರರ ಪಿಂಚಣಿಯಲ್ಲಿ ಶೇ 4.5 ಕಡಿತ; ಒಪ್ಪದಿದ್ದರೆ ಶೇ 27. ಅವರು ಒಪ್ಪಿದರು, ಬೇರೆ ದಾರಿ ಇರಲಿಲ್ಲ. ಕಡಿತದ ಜೊತೆಗೆ, ಬೆಲೆ ಏರಿಕೆಗೆ ತಕ್ಕಂತೆ ಸಿಗುತ್ತಿದ್ದ ವಾರ್ಷಿಕ ಹೆಚ್ಚಳವೂ ನಿಂತಿತು. ನಮ್ಮಲ್ಲಿ ತುಟ್ಟಿಭತ್ಯೆಯ ಕಂತಿಗೆ ಕಾಯುವ ಪಿಂಚಣಿದಾರರಿಗೆ ಈ ಮಾತಿನ ಭಾರ ವಿವರಿಸಬೇಕಿಲ್ಲ. ಶೇ 4.5 ಎಂಬುದು ಮೊದಲ ದಿನದ ಕಡಿತ. ಹೆಚ್ಚಳವಿಲ್ಲದ ಪಿಂಚಣಿ ಪ್ರತಿ ವರ್ಷ ಸವೆಯುತ್ತದೆ. ಪೊಲೀಸರ, ಅಗ್ನಿಶಾಮಕರ ಪಿಂಚಣಿ ಹಾಗೇ ಉಳಿಯಿತು, ವಾರ್ಷಿಕ ಹೆಚ್ಚಳ ಮಾತ್ರ ಅರ್ಧಕ್ಕಿಂತ ಕೆಳಗಿಳಿಯಿತು. ಎಲ್ಲಕ್ಕಿಂತ ದೊಡ್ಡ ಪೆಟ್ಟು ಬಿದ್ದದ್ದು ಆರೋಗ್ಯ ಸೌಲಭ್ಯಕ್ಕೆ. ಸುಮಾರು 430 ಕೋಟಿ ಡಾಲರ್ ಎಂದು ಅಂದಾಜಿಸಿದ್ದ ಹೊಣೆಯನ್ನು ಸುಮಾರು 45 ಕೋಟಿಗೆ ತೀರಿಸಿದರು. ಔಷಧಿ ಬೇಕಾದ ವಯಸ್ಸಿನಲ್ಲೇ ಔಷಧಿಯ ಖರ್ಚು ನಿವೃತ್ತರ ಕೈಗೆ ಬಂತು.

ಹಾಗೆಂದು ಇನ್ನೊಂದು ಬದಿಯನ್ನು ನಾನು ಮರೆಮಾಚಲಾರೆ. ದಿವಾಳಿಯ ಹೊತ್ತಿಗೆ ಡೆಟ್ರಾಯ್ಟ್‌ನ ಬೀದಿದೀಪಗಳಲ್ಲಿ ಸುಮಾರು ಶೇ 40 ಉರಿಯುತ್ತಿರಲಿಲ್ಲ. ಆಂಬುಲೆನ್ಸಿಗೆ ಕಾಯುತ್ತಿದ್ದ ಮನೆಗಳಿಗೂ ನಗರದ ಮೇಲೆ ಹಕ್ಕಿತ್ತು. ಆ ಕತ್ತಲೆಯ ಬೀದಿಯ ಮಗುವನ್ನೂ ನಿವೃತ್ತ ಅಜ್ಜನನ್ನೂ ಎದುರುಬದುರು ನಿಲ್ಲಿಸಿದ್ದೇ ದಶಕಗಳ ಅಲಕ್ಷ್ಯ ಮಾಡಿದ ಅನ್ಯಾಯ. ಅಲ್ಲಿಗೆ ತಲುಪಿದ ಮೇಲೆ ಯಾವ ನ್ಯಾಯಾಧೀಶರೂ ಇಬ್ಬರಿಗೂ ಪೂರ್ತಿ ನ್ಯಾಯ ಕೊಡಲಾರರು. ಆ ಕವಲಿಗೆ ಬಾರದಂತೆ ನೋಡಿಕೊಳ್ಳುವುದೇ ಆಡಳಿತದ ಕೆಲಸ.

ಡೆಟ್ರಾಯ್ಟ್ 2014ರ ಡಿಸೆಂಬರಿನಲ್ಲಿ ದಿವಾಳಿಯಿಂದ ಹೊರಬಂತು. ಹಳೆಯ ಪಿಂಚಣಿಗೆ ಸುಮಾರು ಹತ್ತು ವರ್ಷ ನಗರ ದೊಡ್ಡ ಮೊತ್ತ ಕಟ್ಟಬೇಕಾಗಿರಲಿಲ್ಲ. ಮೇಯರ್ ಮೈಕ್ ಡುಗ್ಗನ್ ಅವರ ಆಡಳಿತ ಆ ಬಿಡುವಿನಲ್ಲಿ ಸುಮ್ಮನೆ ಕೂರದೆ, ನಿವೃತ್ತರಿಗಾಗಿಯೇ ಬೇರೆ ನಿಧಿ ತೆರೆದು ವರ್ಷ ವರ್ಷ ಹಣ ಹಾಕಿತು. 2023ರಲ್ಲಿ ಮತ್ತೆ ಕಂತು ಕಟ್ಟುವ ಸರದಿ ಬಂದಾಗ ಆ ನಿಧಿ ನೆರವಾಯಿತು. ಪಾಠ ಕಲಿತದ್ದಕ್ಕೆ ಇದು ಸಾಕ್ಷಿ.

ನಮ್ಮ ಕಡೆಗೂ ಒಮ್ಮೆ ನೋಡೋಣ. ಪಿಂಚಣಿ ಸರ್ಕಾರದ ದಯೆಯಲ್ಲ, ನೌಕರನ ಹಕ್ಕು ಎಂದು ನಮ್ಮ ಸುಪ್ರೀಂ ಕೋರ್ಟ್ 1982ರ ಡಿಸೆಂಬರ್ 17ರಂದು ನಕಾರಾ ಪ್ರಕರಣದಲ್ಲಿ ಹೇಳಿತು. ಆ ದಿನವನ್ನು ಪಿಂಚಣಿದಾರರು ಇಂದಿಗೂ ಆಚರಿಸುತ್ತಾರೆ. ಆದರೆ ನಮ್ಮ ಹಳೆಯ ಪಿಂಚಣಿಗೆ ಡೆಟ್ರಾಯ್ಟ್‌ನಲ್ಲಿದ್ದಂಥ ನಿಧಿಯೂ ಇಲ್ಲ. ಆಯಾ ವರ್ಷದ ಬಜೆಟ್ಟಿನಿಂದಲೇ ಕೊಡುತ್ತಾರೆ. 2006ರ ಏಪ್ರಿಲ್ 1ರಿಂದ ಕರ್ನಾಟಕದ ಸೇವೆಗೆ ಸೇರಿದವರನ್ನು ರಾಷ್ಟ್ರೀಯ ಪಿಂಚಣಿ ವ್ಯವಸ್ಥೆಗೆ (ಎನ್‌ಪಿಎಸ್) ಸೇರಿಸಲಾಯಿತು. ಅಲ್ಲಿ ಹಣ ಹೆಸರಿಗೆ ಜಮೆಯಾಗುತ್ತದೆ, ಆದರೆ ಎಷ್ಟು ಪಿಂಚಣಿ ಬಂದೀತೆಂಬ ಖಾತ್ರಿ ಇಲ್ಲ. ಹಳೆಯದು ಬೇಕೆಂಬ ನೌಕರರ ಕೂಗು ನ್ಯಾಯವಾದದ್ದೇ. ಆ ಕೂಗಿನ ಜೊತೆಗೆ, ಪ್ರತಿ ವರ್ಷ ಇಷ್ಟು ಹಣ ತೆಗೆದಿಡಿ ಎಂಬ ಬೇಡಿಕೆಯೂ ಸೇರಬೇಕು. ಗುತ್ತಿಗೆದಾರರ ಕೈಕೆಳಗೆ ವರ್ಷಗಟ್ಟಲೆ ಬೀದಿ ಗುಡಿಸಿ ಬರಿಗೈಯಲ್ಲಿ ಮನೆಗೆ ಹೋದ ಪೌರಕಾರ್ಮಿಕರನ್ನು ನೆನೆದರೆ, ಕೆಲವು ಕಡೆ ಇನ್ನೂ ಮಾತು ಕೊಡುವ ಕೆಲಸವೇ ಬಾಕಿಯಿದೆ.

ಆದ್ದರಿಂದ ನನ್ನ ಕೋರಿಕೆ ಇದು. ನಿಮ್ಮ ಊರಿನ ಬಜೆಟ್ ಬಂದಾಗ ಹೊಸ ರಸ್ತೆ, ಹೊಸ ಉದ್ಯಾನದ ಜೊತೆಗೆ ಮೂರು ಪ್ರಶ್ನೆ ಕೇಳಿ. ಈ ವರ್ಷ ದುಡಿದವರ ಮುಪ್ಪಿಗೆ ಈ ವರ್ಷ ಎಷ್ಟು ತೆಗೆದಿಟ್ಟಿರಿ? ಆ ಹಣ ಎಷ್ಟು ಬೆಳೆಯುತ್ತದೆಂದು ಎಣಿಸಿದ್ದೀರಿ? ಆ ಎಣಿಕೆ ತಪ್ಪಿದರೆ ಹೊರೆ ಯಾರ ಮೇಲೆ? ಉತ್ತರ ಸಿಗುವವರೆಗೂ ಕೇಳಿ. ಡೆಟ್ರಾಯ್ಟ್‌ನ ಜನ ಈ ಪ್ರಶ್ನೆಗಳನ್ನು ನ್ಯಾಯಾಲಯದ ಬಾಗಿಲಲ್ಲಿ ನಿಂತು ಕೇಳಬೇಕಾಯಿತು. ನಮಗೆ ಇನ್ನೂ ಸಮಯವಿದೆ.