ಹತ್ತು ಹಲಗೆಯ ಗದ್ದಲ ಎಷ್ಟು?

ಕಲ್ಮಲದ ಮಕ್ಕಳಿಗೆ ಗದ್ದಲ ಹೊಸದೇನಲ್ಲ. ರಾಯಚೂರಿನಿಂದ ಬಂದ ರಸ್ತೆ ಲಿಂಗಸುಗೂರಿಗೂ ಮಾನ್ವಿಗೂ ಕವಲೊಡೆಯುವ ಊರದು, ಲಾರಿಗಳ ಹಾರ್ನ್ ತಪ್ಪಿದ್ದಲ್ಲ. ಮೊಹರಂ ಬಂತೆಂದರೆ ಈ ಸೀಮೆಯ ಹಳ್ಳಿಗಳಲ್ಲಿ ಅಲಾಯಿ ಕುಣಿಯ, ಅಂದರೆ ಬೆಂಕಿ ಗುಂಡಿಯ ಸುತ್ತ ಕುಣಿತ, ಹಲಗೆ ಶುರು. ಬಾರಿಸುವ ಮುಂಚೆ ಹಲಗೆಯನ್ನು ಬೆಂಕಿಗೆ ಹಿಡಿಯುವುದನ್ನು ನೋಡಿದ್ದೀರಲ್ಲ? ಚರ್ಮದ ಪಸೆ ಆರಿ ಅದು ಬಿಗಿಯಾಗುತ್ತದೆ, ಸದ್ದು ಚುರುಕಾಗುತ್ತದೆ.

ಇಷ್ಟೆಲ್ಲ ಸದ್ದನ್ನು ಅಳೆಯುವುದು ಡೆಸಿಬೆಲ್ ಲೆಕ್ಕದಲ್ಲಿ. ‘ಡೆಸಿ’ ಎಂದರೆ ಹತ್ತರಲ್ಲೊಂದು ಪಾಲು. ‘ಬೆಲ್’ ಅಂದರೆ ಗಂಟೆಯಲ್ಲ, ಒಬ್ಬ ಮನುಷ್ಯನ ಹೆಸರು. 1876ರಲ್ಲಿ ಟೆಲಿಫೋನಿಗೆ ಪೇಟೆಂಟ್ ಪಡೆದ ಅಲೆಕ್ಸಾಂಡರ್ ಗ್ರಹಾಂ ಬೆಲ್. ಅವರ ತಾಯಿಗೆ ಕಿವಿ ಮಂದ, ಹೆಂಡತಿಗೆ ಕೇಳಿಸುತ್ತಲೇ ಇರಲಿಲ್ಲ. ಅವರೇ ಕಿವುಡ ಮಕ್ಕಳಿಗೆ ಪಾಠ ಹೇಳಿದ ಮೇಷ್ಟ್ರು. ಅಂಥವರ ಹೆಸರು ಗದ್ದಲದ ಅಳತೆಗೆ ಅಂಟಿಕೊಂಡಿತು ನೋಡಿ! ಇಟ್ಟವರು ಅವರಲ್ಲ. 1922ರಲ್ಲಿ ಅವರು ತೀರಿಕೊಂಡ ಕೆಲವು ವರ್ಷಗಳ ಮೇಲೆ, ತಂತಿಯಲ್ಲಿ ಸಾಗುವ ಮಾತು ದಾರಿಯಲ್ಲಿ ಎಷ್ಟು ಕ್ಷೀಣಿಸುತ್ತದೆಂದು ಲೆಕ್ಕ ಹಾಕುತ್ತಿದ್ದ ಟೆಲಿಫೋನ್ ಎಂಜಿನಿಯರುಗಳು ಇಟ್ಟ ಹೆಸರಿದು.

ಈಗ ಲೆಕ್ಕ. ಒಂದು ಹಲಗೆಯ ಸದ್ದು 90 ಡೆಸಿಬೆಲ್ ಅಂತ ಇಟ್ಟುಕೊಳ್ಳೋಣ. ಎರಡು ಹಲಗೆ ಸೇರಿದರೆ? 180 ಅಂದಿರಾ? ಅಲ್ಲ, 93. ಹತ್ತು ಹಲಗೆಗೆ 100, ನೂರು ಹಲಗೆಗೆ 110. ಸದ್ದಿನ ಶಕ್ತಿ ಹತ್ತು ಪಟ್ಟಾದಾಗಲೆಲ್ಲ ಹತ್ತು ಡೆಸಿಬೆಲ್ ಕೂಡುತ್ತದೆ. ಕಿವಿಗಾದರೋ ಆ ಹತ್ತು ಡೆಸಿಬೆಲ್ ಸುಮಾರು ಇಮ್ಮಡಿ ಸದ್ದಿನಂತೆ ಕೇಳುತ್ತದೆ. ಪಾಪ, ಹತ್ತು ಮಂದಿ ಕೈ ನೋಯಿಸಿಕೊಂಡು ಬಾರಿಸಿದರೂ ಕಿವಿ ಕೊಡುವ ಬೆಲೆ ಎರಡೇ ಪಟ್ಟು!

ಇಂಥ ವಿಚಿತ್ರ ಲೆಕ್ಕ ಬೇಕಾದದ್ದು ಏಕೆಂದರೆ, ಕಿವಿಯ ಹರವು ಬಲು ದೊಡ್ಡದು. ಎಳೆಯ ಕಿವಿಗೆ ಕೇಳಿಸೀತೋ ಇಲ್ಲವೋ ಎಂಬಷ್ಟು ಸಣ್ಣ ಸದ್ದು ಸೊನ್ನೆ ಡೆಸಿಬೆಲ್. ಪಿಸುಮಾತು ಸುಮಾರು 30, ಸಾಮಾನ್ಯ ಮಾತು 60, ಕಿವಿ ನೋಯಿಸುವ ಸದ್ದು 120. ಈ 120ರ ಶಕ್ತಿ ಸೊನ್ನೆಯದಕ್ಕಿಂತ ಲಕ್ಷ ಕೋಟಿ ಪಟ್ಟು. ಅಷ್ಟು ಸೊನ್ನೆಗಳನ್ನು ಪ್ರತಿಸಲ ಬರೆಯುತ್ತ ಕೂರುವವರು ಯಾರು?

ಒಳಗಿವಿಯಲ್ಲಿ ಕೂದಲಿನಂಥ ಎಳೆಗಳಿರುವ ಸಾವಿರಾರು ಜೀವಕೋಶಗಳಿವೆ. ಸದ್ದಿಗೆ ಅವು ಬಾಗಿ ಮಿದುಳಿಗೆ ಸುದ್ದಿ ಮುಟ್ಟಿಸುತ್ತವೆ. ವಿಪರೀತ ಸದ್ದಿಗೆ ಸಾಯುತ್ತವೆ. ಕೋಳಿಗಾದರೆ ಮತ್ತೆ ಹುಟ್ಟುತ್ತವೆ, ನಮಗೆ ಆ ಭಾಗ್ಯವಿಲ್ಲ. ಹಾಗಾಗಿ ದಿನಕ್ಕೆ 8 ತಾಸು ಗದ್ದಲದಲ್ಲಿ ದುಡಿಯುವವರಿಗೆ 85 ಡೆಸಿಬೆಲ್ ದಾಟಬಾರದೆಂದು ತಜ್ಞರು ಹೇಳುತ್ತಾರೆ. ಅಲ್ಲಿಂದ ಮೂರು ಡೆಸಿಬೆಲ್ ಏರಿದಂತೆಲ್ಲ ಹೊತ್ತು ಅರ್ಧಕ್ಕೆ ಇಳಿಯಬೇಕು: 88ಕ್ಕೆ 4 ತಾಸು, 91ಕ್ಕೆ 2 ತಾಸು. ನಮ್ಮ ಹತ್ತು ಹಲಗೆಯ 100ಕ್ಕೆ ಬರುವ ಹೊತ್ತಿಗೆ ಉಳಿಯುವುದು ಬರೀ 15 ನಿಮಿಷ.

ಹಾಗಂತ ಹಬ್ಬ ಬಿಟ್ಟು ಮನೆಯಲ್ಲಿ ಕೂರಬೇಕಿಲ್ಲ. ಬಯಲಿನಲ್ಲಿ ದೂರ ಇಮ್ಮಡಿಯಾದರೆ ಸದ್ದು ಸುಮಾರು 6 ಡೆಸಿಬೆಲ್ ಇಳಿಯುತ್ತದೆ. (ಗೋಡೆ ಒತ್ತಿರುವ ಓಣಿಯಲ್ಲಿ ಇಷ್ಟು ಇಳಿಯದು, ಗೋಡೆಗಳು ಸದ್ದನ್ನು ಹಿಂದಕ್ಕೆ ಎಸೆಯುತ್ತವೆ.) ಐದು ಹೆಜ್ಜೆ ದೂರದಲ್ಲಿದ್ದವರು ಹತ್ತಕ್ಕೆ, ಹತ್ತರಿಂದ ಇಪ್ಪತ್ತಕ್ಕೆ ಸರಿದರೆ 100 ಹೋಗಿ 88 ಆಯಿತು. 15 ನಿಮಿಷ ಇದ್ದದ್ದು 4 ತಾಸಾಯಿತು. ಕುಣಿತ ಅಲ್ಲಿಂದಲೂ ಚೆನ್ನಾಗಿಯೇ ಕಾಣುತ್ತದೆ.