ಬಾಸ್ಸೋ ಕಂಟಿನುವೋ: ಅವಿಚ್ಛಿನ್ನ ಮಂದ್ರದ ಕಥೆ



ಎಂಟು ಮಂದಿ ಹಾಡಬೇಕಾದ ಗೀತೆಗೆ ಇಬ್ಬರೇ ಗಾಯಕರು ಬಂದು ನಿಂತರೆ ಏನಾದೀತೆಂಬುದನ್ನು ಗಾನವೃಂದದವರಿಗೆ ನಾನು ವಿವರಿಸಬೇಕಾಗಿಲ್ಲ. ಹದಿನಾರನೆಯ ಶತಮಾನದ ಅಂತ್ಯದಲ್ಲಿ ಇಟಲಿಯ ದೇವಾಲಯಗಳಲ್ಲಿ ಈ ಸಂಕಟವಿತ್ತು. ಅಂದಿನ ಪವಿತ್ರ ಗೀತೆಗಳು ಐದು, ಆರು, ಎಂಟು ಧ್ವನಿಗಳು ಒಂದರೊಡನೊಂದು ಹೆಣೆದುಕೊಳ್ಳುವಂತೆ ರಚಿತವಾದವು. ಗಾಯಕರು ಸಾಲದಾದಾಗ ಅವುಗಳಲ್ಲಿ ಒಂದೆರಡು ಧ್ವನಿಗಳನ್ನಷ್ಟೇ ಕಿತ್ತುಕೊಂಡು ಆರ್ಗನಿನೊಡನೆ ಹಾಡುತ್ತಿದ್ದರು. ನಡುನಡುವೆ ದೀರ್ಘ ಮೌನ, ವಾಕ್ಯಗಳು ತುಂಡುತುಂಡು, ಕೆಲವೊಮ್ಮೆ ಪ್ರಾರ್ಥನೆಯ ಪದಗಳೇ ಲೋಪ!

ಫ್ರಾನ್ಸಿಸ್ಕನ್ ಸಂನ್ಯಾಸಿ ಲೊಡೊವಿಕೊ ವಿಯಾದಾನರು, 1602ರಲ್ಲಿ ವೆನಿಸಿನಲ್ಲಿ ಮುದ್ರಿತವಾದ ತಮ್ಮ ನೂರು ಗೀತೆಗಳ ಸಂಪುಟದ ಮುನ್ನುಡಿಯಲ್ಲಿ ಈ ದುಃಸ್ಥಿತಿಯನ್ನೇ ತೋಡಿಕೊಂಡಿದ್ದಾರೆ. ಅವರು ಒಂದರಿಂದ ನಾಲ್ಕು ಧ್ವನಿಗಳಿಗೆ ಮಾತ್ರ ಗೀತೆಗಳನ್ನು ರಚಿಸಿ, ಅವುಗಳ ಕೆಳಗೆ ಆದಿಯಿಂದ ಅಂತ್ಯದವರೆಗೆ ಕಡಿಯದೆ ಸಾಗುವ ಒಂದು ಮಂದ್ರ ಸ್ವರಪಂಕ್ತಿಯನ್ನು ಆರ್ಗನಿಗೆ ಕೊಟ್ಟರು. ಒಬ್ಬನೇ ಹಾಡಿದರೂ ಗೀತೆ ಬಡವಾಗಲಿಲ್ಲ.

ಇದು ಒಬ್ಬರೇ ಕಂಡುಹಿಡಿದದ್ದೆನ್ನಲಾಗದು. ನಲವತ್ತು ಧ್ವನಿಗಳ ಗೀತೆಯೊಂದಕ್ಕೆ 1587ರಷ್ಟು ಹಿಂದೆಯೇ ಇಂತಹ ಮಂದ್ರಪಂಕ್ತಿಯನ್ನು ಬರೆದಿದ್ದುಂಟು. ರೋಮಿನಲ್ಲಿ 1600ರಲ್ಲಿ ಪ್ರದರ್ಶಿತವಾಗಿ ಮುದ್ರಣವನ್ನೂ ಕಂಡ ಕವಾಲಿಯೇರಿಯವರ 'ಆತ್ಮ ಮತ್ತು ದೇಹ' ರೂಪಕದಲ್ಲಿ ಮಂದ್ರ ಸ್ವರಗಳ ಮೇಲೆ ಅಂಕಿಗಳೂ ಇದ್ದವು. ವಿಯಾದಾನರ ಪುಸ್ತಕದಲ್ಲಿ ಅಂಕಿಗಳಿರಲಿಲ್ಲ. ವಾದಕನ ಕಿವಿಯನ್ನೇ ಅವರು ನಂಬಿದರೆಂದು ತೋರುತ್ತದೆ.

ಈ ಅಂಕಿಗಳ ಮರ್ಮ ಸುಲಭ. ಬರೆದ ಮಂದ್ರ ಸ್ವರವನ್ನು ಎಡಗೈ ನುಡಿಸುತ್ತದೆ. ಮೇಲೆ ಅಂಕಿಯಿಲ್ಲದಿದ್ದರೆ ಬಲಗೈ ಅದರಿಂದೆಣಿಸಿ ಮೂರನೆಯ ಮತ್ತು ಐದನೆಯ ಸ್ವರಗಳನ್ನು ಕೂಡಿಸುತ್ತದೆ. 6 ಎಂದಿದ್ದರೆ ಐದರ ಬದಲು ಆರನೆಯದನ್ನು. ಉಳಿದದ್ದು ವಾದಕನ ವಿವೇಕ. ಇದನ್ನು ನಮ್ಮ ತಂಬೂರಿಯ ಶ್ರುತಿಯೆಂದು ಭ್ರಮಿಸಬಾರದು. ಶ್ರುತಿ ನಿಂತಲ್ಲೇ ನಿಲ್ಲುವುದು; ಈ ಮಂದ್ರವಾದರೋ ಗೀತೆಯೊಡನೆ ನಡೆಯುವುದು.

ಆದರೆ ಆ ಸ್ವಾತಂತ್ರ್ಯಕ್ಕೆ ಎಲ್ಲೆಯಿತ್ತು. ಆರ್ಗನ್ ವಾದಕನು ಸರಳವಾಗಿ ನುಡಿಸಬೇಕು, ಗಾಯಕನನ್ನು ಮುಚ್ಚಿಬಿಡಬಾರದು ಎಂದು ವಿಯಾದಾನರು ಸ್ಪಷ್ಟವಾಗಿ ಎಚ್ಚರಿಸಿದ್ದಾರೆ. (ನಮ್ಮ ವಾದಕ ಮಿತ್ರರು ಮುನಿಯಬಾರದು!)

ಹದಿನೆಂಟನೆಯ ಶತಮಾನದ ಉತ್ತರಾರ್ಧದಲ್ಲಿ ರಚನಕಾರರು ಪ್ರತಿಯೊಂದು ಸ್ವರವನ್ನೂ ತಾವೇ ಬರೆಯತೊಡಗಿದಾಗ ಈ ಪದ್ಧತಿ ಕ್ರಮೇಣ ಹಿಂಜರಿಯಿತು. ದೇವಾಲಯಗಳಲ್ಲಿ ಮಾತ್ರ ಇನ್ನೂ ಕೆಲಕಾಲ ಉಳಿಯಿತು. 1791ರಲ್ಲಿ ಮೃತರಿಗಾಗಿ ಅರ್ಪಿಸುವ ಪೂಜೆಯ ಸಂಗೀತವನ್ನು ಪೂರ್ಣಗೊಳಿಸದೆಯೇ ಮೊಜಾರ್ಟ್ ಕಣ್ಮುಚ್ಚಿದರು. ಅವರ ಆ ಹಸ್ತಪ್ರತಿಯಲ್ಲಿಯೂ ಆರ್ಗನಿನ ಮಂದ್ರಪಂಕ್ತಿಗೆ ಅದೇ ಹಳೆಯ ಅಂಕಿಗಳಿವೆ.